ಟಾಪ್ ಮಾಡೆಲ್‌ಗೆ ಜಾಸ್ತಿ ಕೊಟ್ಟೆ, ರೂಫ್ ರೈಲ್ ತೆಗೆಸಲು ಮತ್ತೆ ಕೊಟ್ಟೆ

ನನ್ನ ಕಾರಿನ ಮೈಲೇಜ್, ಪಿಕಪ್, ಡಿಕ್ಕಿ ಎಷ್ಟು ದೊಡ್ಡದು ಎಂಬುದೆಲ್ಲ ಇಲ್ಲಿ ಬೇಡ. 2016ರಲ್ಲಿ ಹೊಸದಾಗಿ ತಗೊಂಡ ಪೆಟ್ರೋಲ್ ಗಾಡಿ, ಟಾಪ್ ಮಾಡೆಲ್. ಇಂಜಿನ್ ಬಗ್ಗೆ ಒಂದು ದೂರೂ ಇಲ್ಲ. ಎಸಿ ಈಗಲೂ ಮೈಸೂರಿನ ಏಪ್ರಿಲ್ ಬಿಸಿಲಿಗೆ ಜಗ್ಗುವುದಿಲ್ಲ. ನನ್ನ ತಕರಾರೆಲ್ಲ ಕಾರಿನ ಮೇಲಿರುವ, ಅಂದರೆ ಮೇಲಿದ್ದ, ಎರಡು ಬೆಳ್ಳಿ ಬಣ್ಣದ ಕಂಬಿಗಳ (ರೂಫ್ ರೈಲ್) ಮೇಲೆ.

ಕಾರಿನ ಹೆಸರು ಬೇಡ. ಇದೇ ತರಹ ರೂಫ್ ರೈಲ್ ಇರುವ ಕಾರುಗಳು ನಮ್ಮ ರಸ್ತೆಯಲ್ಲಿ ಬೇಕಾದಷ್ಟಿವೆ.

ಶೋರೂಮಿನಲ್ಲಿ ಇದನ್ನೇ ತೋರಿಸಿ 'ಎಸ್‌ಯುವಿ ಲುಕ್ ಸಾರ್' ಅಂದಿದ್ದರು. ಮನೆಗೆ ಬಂದು ಮ್ಯಾನ್ಯುಯಲ್ ತೆಗೆದರೆ, ಇದರ ಮೇಲೆ ಲಗೇಜ್ ಹೇರಬೇಡಿ ಎಂದು ಬರೆದಿದೆ! ಮಂಡ್ಯದ ಹತ್ತಿರ ನನ್ನ ಮಾವನ ಮನೆ. ಅಲ್ಲಿಂದ ಬರುವಾಗ ಅಕ್ಕಿ ಮೂಟೆ, ತೆಂಗಿನಕಾಯಿ, ಕಬ್ಬಿನ ಕಾಲದಲ್ಲಿ ಬೆಲ್ಲದ ಅಚ್ಚು, ಏನೇ ಇದ್ದರೂ ಡಿಕ್ಕಿಗೇ ತುರುಕಬೇಕು. 'ಭಾವ, ಮೇಲೆ ಕಟ್ಟೋಣ ಬಿಡಿ, ಕಂಬಿ ಇದೆಯಲ್ಲ' ಎಂದು ಭಾವಮೈದ ಪ್ರತಿ ಸಲವೂ ಅನ್ನುತ್ತಾನೆ. ಕಂಬಿ ಇದೆ, ಕಟ್ಟುವ ಹಾಗಿಲ್ಲ.

ಮೊದಲ ಕೆಲವು ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ಭರಣಿ ಮಳೆ ಹೊಡೆದ ಮಾರನೆಯ ದಿನ ಮುಂದಿನ ಎಡ ಸೀಟಿನ ಕೆಳಗೆ ಮ್ಯಾಟ್ ಒದ್ದೆ. 'ರೀ, ಕಾರಲ್ಲಿ ಒದ್ದೆ ಗೋಣಿಚೀಲ ಏನಾದ್ರೂ ಇಟ್ಟಿದ್ದೀರಾ?' ಎಂದು ಮನೆಯವಳು ಮೂಗು ಮುಚ್ಚಿಕೊಂಡು ಕೇಳಿದಳು. ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದರೆ ಬೆರಳ ಸುತ್ತ ನೀರು ಮೇಲೆ ಬಂತು.

ಅಧಿಕೃತ ಸರ್ವಿಸ್ ಸೆಂಟರ್‌ಗೆ ಕೊಟ್ಟೆ. ಎಸಿಯ ನೀರು ಹೋಗುವ ಪೈಪ್ ಕಟ್ಟಿದೆ ಎಂದರು, ಊದಿ ಕೊಟ್ಟರು. ಅದು ಕಟ್ಟಿಕೊಂಡರೂ ಕಾಲಡಿ ಒದ್ದೆಯಾಗುತ್ತದೆ, ನಿಜ. ಆದರೆ ಎಸಿಯನ್ನೇ ಹಾಕದೆ, ಮನೆ ಮುಂದೆ ಸುಮ್ನೆ ನಿಂತ ಕಾರಿಗೆ ಮಳೆ ಬಂದರೆ ನೀರು ತುಂಬುತ್ತಿತ್ತು. ಅದನ್ನು ಹೇಳಿದ್ದಕ್ಕೆ ಮುಂದಿನ ಗಾಜಿನ ಸುತ್ತ ಸಿಲಿಕಾನ್ ಬಳಿದರು. ಕಾರಿನೊಳಗೆ ಒಂದು ವಾರ ವಿನೆಗರ್ ವಾಸನೆ. ಆ ವಾಸನೆ ಬರುವ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ಬಣ್ಣ ಕಿತ್ತ ಕಬ್ಬಿಣಕ್ಕೆ ಅದು ತಗುಲಿದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಮುಂದಿನ ಮಳೆಗೆ ನೀರು ಮತ್ತೆ ಬಂತು. 'ಗಾಜು ಬಿಚ್ಚಿ ಕೂರಿಸಬೇಕು ಸಾರ್' ಎಂದು ಹೊಸ ಎಸ್ಟಿಮೇಟ್ ಕೈಗೆ ಕೊಟ್ಟರು. ಅಷ್ಟರೊಳಗೆ 6,500 ರೂಪಾಯಿ ಹೋಗಿತ್ತು. ಅಲ್ಲಿಗೆ ಸಾಕು ಅನ್ನಿಸಿತು.

ಬನ್ನಿಮಂಟಪದ ಕಡೆ ಒಂದು ಟಿಂಕರಿಂಗ್ ಶೆಡ್ ಇದೆ. ಮೇಸ್ತ್ರಿ ಮಾತು ಕಮ್ಮಿ. ನಾನು ಕಥೆ ಶುರು ಮಾಡುವಷ್ಟರಲ್ಲಿ ಅವರು ಹುಡುಗನಿಗೆ ಟಾರ್ಚ್ ಕೊಟ್ಟು ಒಳಗೆ ಕೂರಿಸಿದರು. ಮುಂದಿನ ಗಾಜಿನ ಪಕ್ಕದ ಕಂಬದ ಮೇಲಿನ ಪ್ಲಾಸ್ಟಿಕ್ ಬಿಚ್ಚಿದರು. ಹೊರಗೆ ಪೈಪ್ ಹಿಡಿದು, ನೀರನ್ನು ಸಣ್ಣಗೆ ಬಿಟ್ಟು, ಕೆಳಗಿನಿಂದ ಮೇಲಕ್ಕೆ ಬಂದರು. ಮೊದಲು ಬಾನೆಟ್ ಹತ್ತಿರ, ಆಮೇಲೆ ಗಾಜಿನ ಕೆಳ ಅಂಚು, ಪಕ್ಕ, ಮೇಲಂಚು. ಒಂದೊಂದು ಕಡೆಯೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು ಯಾವ ಸಂದಿಯದು ಎಂದು ಗೊತ್ತಾಗುವುದಿಲ್ಲವಂತೆ. ಗಾಜು ಪಾಸಾಯಿತು. ಎಡಗಡೆ ರೈಲ್‌ನ ಮುಂದಿನ ತುದಿಗೆ ನೀರು ಬಿಟ್ಟ ಸ್ವಲ್ಪ ಹೊತ್ತಿಗೆ ಒಳಗಿನಿಂದ ಹುಡುಗ 'ಬಂತಣ್ಣ!' ಎಂದು ಕೂಗಿದ.

ನೀರು ಬೋಲ್ಟಿನ ತೂತಿನಲ್ಲಿ ಇಳಿದು, ರೂಫ್ ಲೈನಿಂಗ್ (ಕಾರಿನೊಳಗೆ ತಲೆ ಮೇಲಿರುವ ಹೊದಿಕೆ) ಮೇಲೆ ಹರಿದು, ಗಾಜಿನ ಪಕ್ಕದ ಕಂಬದೊಳಗೆ ಜಾರಿ, ಕಾಲಡಿ ಸೇರುತ್ತಿತ್ತು. ತೊಟ್ಟಿಕ್ಕುವ ಜಾಗವೇ ಬೇರೆ, ನೀರು ಒಳಗೆ ನುಗ್ಗುವ ಜಾಗವೇ ಬೇರೆ. ಸರ್ವಿಸ್ ಸೆಂಟರ್‌ನವರು ಒದ್ದೆ ಇದ್ದಲ್ಲಿ ಮಾತ್ರ ನೋಡಿದ್ದರು.

ರೈಲ್ ಬಿಚ್ಚುವುದು ಸಲೀಸಲ್ಲ. ನನ್ನ ಕಾರಿನಲ್ಲಿ ನಟ್ ಒಳಗಡೆ ಇವೆ. ಸನ್ ವೈಸರ್, ಕೈ ಹಿಡಿಕೆ, ಒಳಗಿನ ಲೈಟ್, ಬಾಗಿಲಿನ ಬೀಡಿಂಗ್, ಎಲ್ಲ ತೆಗೆದು ಲೈನಿಂಗ್ ಇಳಿಸಿದ ಮೇಲೆ ನಟ್ ಕಾಣಿಸುತ್ತವೆ. ಲೈನಿಂಗ್ ಮಡಚಿದರೆ ಗೆರೆ ಬಿದ್ದು ಹಾಗೇ ಉಳಿಯುತ್ತದೆ, ಜೋಪಾನ. ಪಕ್ಕದಲ್ಲಿ ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ ಮೊದಲು ಬ್ಯಾಟರಿ ಟರ್ಮಿನಲ್ ತೆಗೆದು ಸ್ವಲ್ಪ ಹೊತ್ತು ಕಾಯಲೇಬೇಕು. ಆ ಏರ್‌ಬ್ಯಾಗ್ ಅದೇ ಅಂಚಿನಲ್ಲಿ ಮಡಚಿ ಕೂತಿರುತ್ತದೆ. ನನ್ನದರಲ್ಲಿ ಇಲ್ಲ.

ಎಡಗಡೆ ರೈಲ್ ಎದ್ದಾಗ ಅದರ ಕೆಳಗೆ ಇದ್ದದ್ದನ್ನು ನೋಡಿ ಬೇಜಾರಾಯಿತು. ಮನೆ ಮುಂದೆ ಹೊಂಗೆ ಮರವಿದೆ, ಕಾರು ದಿನವೂ ಅದರ ನೆರಳಲ್ಲಿ. ವರ್ಷಗಟ್ಟಲೆ ಉದುರಿದ ಹೂವು ಸಂದಿಯಲ್ಲಿ ಕೊಳೆತು ಕಪ್ಪು ಗೊಬ್ಬರವಾಗಿತ್ತು. ಅದರೊಳಗೆ ಒಂದು ಸಣ್ಣ ಮೊಳಕೆ ಬೇರೆ. ರೈಲ್ ಕಾಲಿಗೆ ಇಟ್ಟಿದ್ದ ಫೋಮ್ ಗ್ಯಾಸ್ಕೆಟ್ ಚಪ್ಪಟೆಯಾಗಿ ಬಿರುಕು ಬಿಟ್ಟಿತ್ತು. ಹಿಂಡಿದರೆ ಪಾತ್ರೆ ತೊಳೆಯುವ ಸ್ಪಂಜಿನ ಹಾಗೆ ನೀರು ಬಿಟ್ಟಿತು. ಮಳೆ ನಿಂತು ಎಷ್ಟು ದಿನವಾದರೂ ಆ ಜಾಗ ಒಣಗಿರಲೇ ಇಲ್ಲ. ರೈಲ್ ಅಲುಗಾಡಿ ಅಲುಗಾಡಿ ಬಣ್ಣ ಸವೆದಿತ್ತು. ಅಲ್ಯೂಮಿನಿಯಂ ರೈಲ್‌ನ ಕಾಲಿನಲ್ಲಿ ಬಿಳಿ ಪುಡಿ, ತಗಡಿನ ಕಡೆ ಕೆಂಪು ಹಕ್ಕಳೆ. ಮೇಸ್ತ್ರಿ ಸ್ಕ್ರೂಡ್ರೈವರ್ ತುದಿಯಿಂದ ಕೆರೆದರು. ಹಕ್ಕಳೆ ಎದ್ದಿತು, ಪುಣ್ಯಕ್ಕೆ ತಗಡು ತೂತಾಗಿರಲಿಲ್ಲ. 'ಇನ್ನೆರಡು ಮಳೆಗಾಲ ಬಿಟ್ಟಿದ್ರೆ ಪ್ಯಾಚ್ ಹೊಡೀಬೇಕಿತ್ತು ಸಾರ್' ಅಂದರು.

ಹೊಸ ಗ್ಯಾಸ್ಕೆಟ್ ಹಾಕಿ ರೈಲ್ ವಾಪಸ್ ಕೂರಿಸಬಹುದಿತ್ತು. ಸಾಮಾನು ಹೇರಲು ಬಾರದ ಕಂಬಿಗೆ ಮತ್ತೆ ಯಾಕೆ ಉಪಚಾರ? ಬೇಡ ಅಂದುಬಿಟ್ಟೆ.

ಕೆಲಸ ಹೀಗೆ ನಡೆಯಿತು. ತುಕ್ಕನ್ನು ವೈರ್ ಬ್ರಷ್, ಎಮರಿ ಪೇಪರ್‌ನಲ್ಲಿ ಉಜ್ಜಿ ಹೊಳೆಯುವ ತಗಡು ಕಾಣುವವರೆಗೆ ಬಂದರು. ಗುಳಿಯಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್. ಅದು ಕಪ್ಪಗಾಗಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಬಣ್ಣ. ಪುಟ್ಟಿ ಬೇಡ ಎಂದು ಮೇಸ್ತ್ರಿಯೇ ಹೇಳಿದರು. ತುಕ್ಕಿನ ಮೇಲೆ ಪುಟ್ಟಿ ಬಳಿದರೆ ಅದು ತೇವ ಹೀರಿಕೊಂಡು ಒಳಗಿಂದೊಳಗೆ ತಿನ್ನುತ್ತದೆ. ರೈಲ್‌ನ ಬೋಲ್ಟ್ ತೂತುಗಳಿಗೆ ವೆಲ್ಡಿಂಗ್ ಬೇಕಾ ಎಂದು ಕೇಳಿದೆ. ಶಾಖಕ್ಕೆ ಒಳಗಿನ ಬಣ್ಣ ಸುಟ್ಟು ಅಲ್ಲಿಂದ ಹೊಸ ತುಕ್ಕು ಶುರುವಾಗುತ್ತದೆ, ಬೇಡ ಎಂದರು. ಅದರ ಬದಲು ಗಿಡ್ಡ ಬೋಲ್ಟ್, ಶೀಟ್ ಮನೆಗೆ ಹೊಡೆಯುವ ಸ್ಕ್ರೂಗೆ ಬರುವಂಥ ರಬ್ಬರ್ ವಾಷರ್, ಅದರಡಿ ಬ್ಯುಟೈಲ್ ಟೇಪ್. ಈ ಟೇಪ್ ಕರೀ ಅಂಟು. ಬೆರಳಿಗೆ ಹತ್ತಿದರೆ ಸೀಮೆಎಣ್ಣೆಯಲ್ಲಿ ತೊಳೆಯಬೇಕು. ಗಟ್ಟಿಯಾಗುವುದಿಲ್ಲ, ತಗಡು ಬಿಸಿಲಿಗೆ ಹಿಗ್ಗಿ ಕುಗ್ಗಿದರೂ ಬಿರುಕು ಬಿಡದೆ ಜೊತೆಗೇ ಆಡುತ್ತದೆ. ಎಲ್ಲದರ ಮೇಲೆ, ಇದೇ ಕಾರಿನ ಬೇಸ್ ಮಾಡೆಲ್‌ಗೆ ಬರುವ ಕಪ್ಪು ರಬ್ಬರ್ ಪಟ್ಟಿ. ತೂತುಗಳೆಲ್ಲ ಅದರಡಿ ಮುಚ್ಚಿಹೋದವು.

ಅಂದರೆ ನನ್ನ ಟಾಪ್ ಮಾಡೆಲ್ ಈಗ ಮೇಲಿನಿಂದ ನೋಡಿದರೆ ಬೇಸ್ ಮಾಡೆಲ್. ಪಟ್ಟಿ, ಪೇಂಟ್, ಕೂಲಿ ಸೇರಿ 11,000 ರೂಪಾಯಿ. ಕಾರ್ಪೆಟ್ ಬಿಚ್ಚಿ ಒಣಗಿಸಿದ್ದು ಅದರಲ್ಲೇ ಬಂತು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಆಮೇಲೆ ಸಿಕ್ಕ ಸುಖವನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬೆಂಗಳೂರಿನ ಹೆದ್ದಾರಿಯಲ್ಲಿ 80 ದಾಟಿದರೆ ತಲೆ ಮೇಲೆ ಸಣ್ಣಗೆ ಒಂದು ಸಿಳ್ಳೆ ಕೇಳುತ್ತಿತ್ತು. ಬಾಗಿಲ ಬೀಡಿಂಗ್ ಸವೆದಿದೆ ಎಂದುಕೊಂಡು ವರ್ಷಗಳಿಂದ ಎಫ್‌ಎಂ ಜೋರು ಮಾಡಿಕೊಂಡು ಓಡಿಸುತ್ತಿದ್ದೆ. ರೈಲ್ ಹೋದ ಮೇಲೆ ಸಿಳ್ಳೆಯೂ ಹೋಯಿತು. ಈಗ ಮದ್ದೂರು ಕಡೆ ಹೋಗುವಾಗ ಹಿಂದಿನ ಸೀಟಿನಲ್ಲಿ ಅಮ್ಮ ಮೆಲ್ಲಗೆ ಮಾತಾಡಿದ್ದೂ ಕೇಳಿಸುತ್ತದೆ. ಬೈದದ್ದೂ ಕೇಳಿಸುತ್ತದೆ.

ಇನ್ನೊಂದು, ಭಾನುವಾರದ ತೊಳೆಯುವಿಕೆ. ಆರೂವರೆಗೆ ಕಾವೇರಿ ನೀರು ಬರುವ ಹೊತ್ತಿಗೆ ಎರಡು ಬಕೆಟ್, ಒಂದು ಮೈಕ್ರೋಫೈಬರ್ ಬಟ್ಟೆ. ಮೊದಲೆಲ್ಲ ರೈಲ್ ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್ ತೂರಿಸಿ ಹೂವು ಕೆದಕುವುದೇ ಒಂದು ಕೆಲಸವಾಗಿತ್ತು. ಅರ್ಧ ಬರುತ್ತಿತ್ತು, ಅರ್ಧ ಇನ್ನೂ ಒಳಗೆ ಹೋಗುತ್ತಿತ್ತು. ಈಗ ಸ್ಟೂಲ್ ಮೇಲೆ ನಿಂತು ಒದ್ದೆ ಬಟ್ಟೆ ಹಾಸಿ, ಎರಡು ಮೂಲೆ ಹಿಡಿದು ಹಿಂದಿನಿಂದ ಮುಂದಕ್ಕೆ ಒಂದೇ ಎಳೆತ. ಹೊಂಗೆ ಹೂವೆಲ್ಲ ಬಾನೆಟ್ ಮೇಲೆ ರಾಶಿ. ಕಾಫಿ ಆರುವುದರೊಳಗೆ ಮೇಲ್ಭಾಗ ಮುಗಿದಿರುತ್ತದೆ.

ನಷ್ಟ ಆಗಿದ್ದು ಆಯುಧಪೂಜೆಗೆ. ರೈಲ್ ಇದ್ದಾಗ ಈ ಕಡೆಯಿಂದ ಆ ಕಡೆಗೆ ಸೇವಂತಿಗೆ ಹಾರ ಕಟ್ಟಲು ಅನುಕೂಲವಾಗಿತ್ತು, ಮಾವಿನ ಸೊಪ್ಪೂ ನಿಲ್ಲುತ್ತಿತ್ತು. ಈಗ ಹಾರವನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಬೇಕು. ಹೂವು ಬಾಗಿಲಲ್ಲಿ ನಜ್ಜುಗುಜ್ಜಾಗುತ್ತದೆ ಎಂದು ಅಮ್ಮನಿಗೆ ಅಸಮಾಧಾನ. ಎಕ್ಸ್‌ಚೇಂಜ್‌ಗೆ ಬೆಲೆ ಕೇಳಿದಾಗಲೂ 'ರೈಲ್ ಯಾಕಿಲ್ಲ, ಆಕ್ಸಿಡೆಂಟ್ ಆಗಿತ್ತಾ?' ಎಂದು ಅನುಮಾನದಿಂದ ನೋಡಿದರು. ಕಿತ್ತ ರೈಲ್ ಎರಡೂ ಅಟ್ಟದ ಮೇಲಿವೆ, ಬೇಕಾದರೆ ತೋರಿಸಬಹುದು.

ಹಳೇ ಗಾಡಿ ನೋಡಲು ಹೋಗುವವರು ರೈಲ್ ಇದ್ದರೆ ಅದರ ಕಾಲಿನ ಸುತ್ತ ಉಗುರಿನಿಂದ ಒತ್ತಿ ನೋಡಿ. ಬಣ್ಣ ಉಬ್ಬಿದ್ದರೆ ರೇಟ್ ಮಾತಾಡುವ ಮೊದಲೇ ಮ್ಯಾಟ್ ಎತ್ತಿ.

ನನ್ನದು ಆಮೇಲೆ ಒಂದು ಪೂರ್ತಿ ಮಳೆಗಾಲ, ಅದರ ಹಿಂದೆ ಅಕ್ಟೋಬರ್‌ನ ಜಡಿಮಳೆ, ಎರಡನ್ನೂ ನೋಡಿದೆ. ಕಾಲಡಿ ಒಣ. ಬಲಗಡೆ ಹಿಂದಿನ ತೂತಿನ ಹತ್ತಿರ ಮಾತ್ರ ರಬ್ಬರ್ ಪಟ್ಟಿಯ ತುದಿ ಸ್ವಲ್ಪ ಮೇಲೆದ್ದಿದೆ. ಅದರಡಿ ಹೂವು ಸೇರುವ ಮುಂಚೆ ಮೇಸ್ತ್ರಿಗೆ ತೋರಿಸಬೇಕು.