ಬಾಗಿಲು ದಾಟಿದವರ ಲೆಕ್ಕ: ಜನರನ್ನು ಎಣಿಸುವ ಸೆನ್ಸರ್ ಸೇವೆಯೊಂದರ ವಿಮರ್ಶೆ

ನಮ್ಮ ಕಚೇರಿ ಕಟ್ಟಡದ ದೊಡ್ಡ ನವೀಕರಣಕ್ಕೆ ಲೀಡ್ ಹಸಿರು ಕಟ್ಟಡ ಪ್ರಮಾಣಪತ್ರ ಪಡೆಯುವ ತಯಾರಿಯಲ್ಲಿ, ದಿನಕ್ಕೆ ಎಷ್ಟು ಜನ ಒಳಗಿರುತ್ತಾರೆಂದು ತಿಳಿಯಲು, ಪ್ರತಿ ಬಾಗಿಲ ಮೇಲೂ ಸೆನ್ಸರ್ ಕೂರಿಸಿ ಎಣಿಕೆಯ ವರದಿ ಕೊಡುವ ಸೇವೆಯೊಂದನ್ನು ಮೂರು ತಿಂಗಳು ಬಳಸಿದೆವು. ಸಾಧನ ಕೆಟ್ಟದ್ದಲ್ಲ. ಆದರೆ ಅದರ ವರದಿಯನ್ನು ಹಾಗೆಯೇ ಅರ್ಜಿಗೆ ಲಗತ್ತಿಸಬಹುದೆಂದು ಮಾರುವವರು ಹೇಳಿದ ಮಾತು ನಿಲ್ಲಲಿಲ್ಲ.

ಲೀಡ್ ಕೇಳುವುದು ಬಾಗಿಲು ದಾಟಿದವರ ಸಂಖ್ಯೆಯನ್ನಲ್ಲ, ಪೂರ್ಣಾವಧಿಗೆ ಸಮನಾದ ಸಿಬ್ಬಂದಿಯ ಸಂಖ್ಯೆಯನ್ನು. ಅಂದರೆ ಸಿಬ್ಬಂದಿಯೆಲ್ಲ ಸೇರಿ ದಿನಕ್ಕೆ ಕಟ್ಟಡದಲ್ಲಿ ಕಳೆಯುವ ಗಂಟೆಗಳನ್ನು 8ರಿಂದ ಭಾಗಿಸಿದಾಗ ಸಿಗುವ, ಬಳಕೆಯಲ್ಲಿ ಎಫ್‌ಟಿಇ ಎನ್ನುವ ಸಂಖ್ಯೆಯನ್ನು. ನಮ್ಮಲ್ಲಿ 120 ಮಂದಿ 8 ಗಂಟೆ, 40 ಮಂದಿ 4 ಗಂಟೆ ಇರುತ್ತಾರೆ. ಹಾಗಾಗಿ ಎಫ್‌ಟಿಇ 140. ಸಿಬ್ಬಂದಿಯ ಬಾಗಿಲುಗಳಲ್ಲಿ ಸೆನ್ಸರ್ ತೋರಿಸಿದ ದಿನದ ಸರಾಸರಿ ಪ್ರವೇಶ 420. ಊಟಕ್ಕೆ ಹೋಗಿ ಬಂದವರು, ಫೋನಿನಲ್ಲಿ ಮಾತನಾಡಲು ಹೊರಗೆ ನಿಂತು ಮರಳಿದವರು, ಎಲ್ಲರೂ ಅದರ ಕಣ್ಣಿಗೆ ಪ್ರತಿ ಸಲವೂ ಹೊಸಬರೇ.

ಈ ವ್ಯತ್ಯಾಸ ಕಾಗದದಲ್ಲೇ ಉಳಿಯುವಂಥದ್ದಲ್ಲ. ಲೀಡ್ ನಾಲ್ಕನೆಯ ಆವೃತ್ತಿಯ ಪ್ರಕಾರ ಖಾಯಂ ಬಳಕೆದಾರರ ಶೇ. 5ರಷ್ಟು ಸೈಕಲ್ ನಿಲುಗಡೆ, ಮೊದಲ 100 ಮಂದಿಗೆ ಒಂದು, ಆಮೇಲಿನ ಪ್ರತಿ 150 ಮಂದಿಗೆ ಇನ್ನೊಂದರಂತೆ ಸ್ನಾನದ ಕೋಣೆ ಬೇಕು. 140ಕ್ಕೆ 7 ಸೈಕಲ್, 2 ಸ್ನಾನದ ಕೋಣೆ ಸಾಕು. 420 ಎಂದು ಬರೆದರೆ ಅವು 21 ಮತ್ತು 4 ಆಗುತ್ತವೆ. ಸಿಬ್ಬಂದಿಯ ಲೆಕ್ಕ ಗೊತ್ತಿಲ್ಲದ ಕಚೇರಿಗಳಿಗೆ ಲೀಡ್ ಕೊಟ್ಟಿರುವ ಪೂರ್ವನಿಗದಿತ ಕೋಷ್ಟಕ, ಅಂದರೆ 250 ಚದರಡಿಗೆ ಒಬ್ಬ ನೌಕರ, ನಮ್ಮ 40,000 ಚದರಡಿಗೆ 160 ಎನ್ನುತ್ತದೆ. ಹಣ ಕೊಡದೆ ಸಿಗುವ ಕೋಷ್ಟಕ 20 ಮಂದಿಯಷ್ಟು ತಪ್ಪಿದರೆ, ಹಣ ಕೊಟ್ಟ ಸಾಧನದ ಕಚ್ಚಾ ಅಂಕಿ 280ರಷ್ಟು ತಪ್ಪುತ್ತದೆ!

ಒಳಗೆ ಬಂದವರಿಂದ ಹೊರಗೆ ಹೋದವರನ್ನು ಕಳೆದು, ಆ ಕ್ಷಣದಲ್ಲಿ ಎಷ್ಟು ಜನ ಇದ್ದಾರೆಂದು ತೋರಿಸುವ ಸೌಲಭ್ಯವೂ ಇದೆ, ಮತ್ತು ಗಂಟೆಗಳ ಲೆಕ್ಕಕ್ಕೆ ಇದೇ ಹತ್ತಿರದ ದಾರಿ. ಆದರೆ ಪ್ರವೇಶದ ಎಣಿಕೆಯಲ್ಲಿ ಮಾತ್ರ ಶೇ. 1ರಷ್ಟು ಹೆಚ್ಚಾದರೂ 420ಕ್ಕೆ ನಾಲ್ಕು ಜನ ರಾತ್ರಿಯಿಡೀ ಕಟ್ಟಡದಲ್ಲೇ ಉಳಿದಂತೆ ಕಾಣುತ್ತದೆ. ನಡುರಾತ್ರಿ ಎಣಿಕೆಯನ್ನು ಸೊನ್ನೆಗೆ ತರುವ ವ್ಯವಸ್ಥೆಯನ್ನು ನಾವೇ ಕೇಳಿ ಹಾಕಿಸಿಕೊಳ್ಳಬೇಕಾಯಿತು.

ನೀರಿನ ಲೆಕ್ಕದಲ್ಲಿ ಬೇರೆಯೇ ಸಂಗತಿ ಇದೆ. ಹೋಲಿಕೆಗೆಂದು ಹಿಡಿಯುವ ಆಧಾರ ಬಳಕೆಗೂ ಹೊಸ ವಿನ್ಯಾಸಕ್ಕೂ ಒಂದೇ ಜನಸಂಖ್ಯೆ ಹಾಕುವುದರಿಂದ, ಎಲ್ಲರನ್ನೂ ಒಂದೇ ಪ್ರಮಾಣದಲ್ಲಿ ಹೆಚ್ಚು ಬರೆದರೂ ಉಳಿತಾಯದ ಶೇಕಡಾವಾರು ಬದಲಾಗದು. ಬದಲಾಯಿಸುವುದು ಸಿಬ್ಬಂದಿ ಮತ್ತು ಸಂದರ್ಶಕರ ಅನುಪಾತ: ಸಿಬ್ಬಂದಿ ದಿನಕ್ಕೆ 3 ಸಲ ಕೈ ತೊಳೆಯುತ್ತಾರೆಂದೂ ಸಂದರ್ಶಕರು 0.5 ಸಲವೆಂದೂ ಲೀಡ್ ಹಿಡಿಯುತ್ತದೆ. ಎಲ್ಲರೂ ಒಂದೇ ಬಾಗಿಲಿನಿಂದ ಬರುವ ಕಡೆ ಈ ಭೇದ ಸೆನ್ಸರ್‌ಗೆ ತಿಳಿಯದು; ಸ್ವಾಗತದ ಮೇಜಿನ ರಿಜಿಸ್ಟರ್‌ಗೆ ತಿಳಿಯುತ್ತದೆ.

ಒಂದು ಕೆಲಸವನ್ನು ಮಾತ್ರ ಸೆನ್ಸರ್ ಚೆನ್ನಾಗಿ ಮಾಡಿತು. ಸಂದರ್ಶಕರ ಸೈಕಲ್ ನಿಲುಗಡೆಗೆ ಬೇಕಾದದ್ದು ಅವರ ಗರಿಷ್ಠ ಸಂಖ್ಯೆ, ಸರಾಸರಿ ನಡೆಯದು. ರಿಜಿಸ್ಟರ್‌ನಲ್ಲಿ ಬಂದ ಸಮಯ ಇರುತ್ತದೆ, ಹೋದ ಸಮಯವನ್ನು ಯಾರೂ ಬರೆಯುವುದಿಲ್ಲ. ಸಂದರ್ಶಕರಿಗೆಂದೇ ಪ್ರತ್ಯೇಕ ಬಾಗಿಲಿರುವ ನಮ್ಮಲ್ಲಿ ಸೆನ್ಸರ್ ಅದನ್ನು ಗಂಟೆ ಗಂಟೆಗೂ ಸ್ಪಷ್ಟವಾಗಿ ಕೊಟ್ಟಿತು. ಆ ಬಾಗಿಲಿನದೊಂದನ್ನು ಇಟ್ಟುಕೊಂಡು, ಉಳಿದ ಬಾಗಿಲುಗಳವನ್ನು ಹಿಂತಿರುಗಿಸಿದ್ದೇವೆ.