ತೋಟದ ಕೆಲಸಕ್ಕೆ ಜೇಬಿನ ಚಾಕು: ಫಾರ್ಮರ್, ವೇವ್ ಪ್ಲಸ್ ಮತ್ತು ಕೆಲವು ಹಳೆಯವು

ಮಡಚುವ ಚಾಕು ಕೊಳ್ಳಲು ಹೊರಟವರು ಮೊದಲು ನೋಡುವುದು ಡಬ್ಬಿಯ ಮೇಲಿನ ಸಂಖ್ಯೆ. 12 ಕೆಲಸಕ್ಕೆ ಬರುತ್ತದೆ, 18ಕ್ಕೆ ಬರುತ್ತದೆ, 33ಕ್ಕೆ ಬರುತ್ತದೆ ಅಂತ. ಆ ಸಂಖ್ಯೆಯನ್ನು ನೋಡಿ ಕೊಳ್ಳಬೇಡಿ. ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ ಸ್ವಿಸ್‌ಚಾಂಪ್ ಎಂಬ ಚಾಕುವಿನಲ್ಲಿ 33 ಆಗುವುದು ಕೀ ಬಳೆ, ಹಲ್ಲುಕಡ್ಡಿ, ಚಿಮಟ ಎಲ್ಲವನ್ನೂ ಎಣಿಸಿದಾಗ. ನೋಡಬೇಕಾದದ್ದು ಪದರ. ಹಿಡಿಯ ಎರಡು ಪಕ್ಕಗಳ ನಡುವೆ ಎಷ್ಟು ಸಾಲು ಉಪಕರಣಗಳಿವೆ, ಅವು ಯಾವುವು, ನಿಮ್ಮ ಕೆಲಸಕ್ಕೆ ಎಷ್ಟು ಬರುತ್ತವೆ ಎಂಬುದಷ್ಟೇ ಮುಖ್ಯ. ಪದರ ಹೆಚ್ಚಿದಂತೆ ಚಾಕು ದಪ್ಪವಾಗುತ್ತದೆ, ದಪ್ಪವಾದದ್ದು ಜೇಬು ಬಿಟ್ಟು ಮೇಜಿನ ಖಾನೆ ಸೇರುತ್ತದೆ.

ನನ್ನದು ಮಲೆನಾಡಿನ ಅಡಿಕೆ ತೋಟ, ನಡುನಡುವೆ ಬಾಳೆ, ಮರಕ್ಕೆ ಹಬ್ಬಿದ ಕಾಳುಮೆಣಸು. ಡ್ರಿಪ್ ಪೈಪ್ ಕತ್ತರಿಸುವುದು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಮೆಣಸಿನ ಬಳ್ಳಿಗೆ ಕಟ್ಟುವ ಸುತಲಿ ತುಂಡು ಮಾಡುವುದು, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯ ಸ್ಕ್ರೂ ಬಿಚ್ಚುವುದು, ಅಡ್ಡ ಬಂದ ಟೊಂಗೆ ಕೊಯ್ಯುವುದು. ವರ್ಷಗಳಿಂದ ಈ ಕೆಲಸಗಳಿಗೆ ಬೇರೆಬೇರೆ ಚಾಕುಗಳನ್ನು ಹಚ್ಚಿ ನೋಡಿದ್ದೇನೆ. ಅವುಗಳಲ್ಲಿ ದಿನವೂ ಜೇಬಿನಲ್ಲಿ ಉಳಿದಿರುವುದು ವಿಕ್ಟೋರಿನಾಕ್ಸ್ ಫಾರ್ಮರ್.

ಮಡಚಿದಾಗ 93 ಮಿಲಿಮೀಟರ್ ಉದ್ದ. ಹಿಡಿಗೆ ಕೆಂಪು ಪ್ಲಾಸ್ಟಿಕ್ ಬದಲು ಗೀರುಗೀರಾಗಿ ಅಚ್ಚೊತ್ತಿದ ಅಲ್ಯೂಮಿನಿಯಂ ತಗಡು. ಇದನ್ನೇ ಅಲಾಕ್ಸ್ ಎನ್ನುತ್ತಾರೆ. ಕೈ ಒದ್ದೆಯಾಗಿದ್ದರೂ, ಬಾಳೆಯ ಸೊನೆ ಮೆತ್ತಿದ್ದರೂ ಜಾರುವುದಿಲ್ಲ. ಒಳಗಿರುವುದು ಒಂದು ದೊಡ್ಡ ಬ್ಲೇಡು, ಗರಗಸ, ಡಬ್ಬಿ ತೆರೆಯುವ ಮತ್ತು ಬಾಟಲಿ ಮುಚ್ಚಳ ತೆಗೆಯುವ ಕೊಕ್ಕೆಗಳು, ಬೆನ್ನಿನಲ್ಲೊಂದು ದಬ್ಬಣ. ಆ ಎರಡು ಕೊಕ್ಕೆಗಳ ತುದಿಯೇ ಸ್ಕ್ರೂಡ್ರೈವರ್. ಕಾರ್ಕ್ ಕೀಳುವ ಸುರುಳಿ ಇಲ್ಲ, ನಮ್ಮ ಕಡೆ ಅದರ ಅಗತ್ಯವೂ ಇಲ್ಲ. ಗರಗಸದ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಹೆಬ್ಬೆರಳು ಗಾತ್ರದ ಹಸಿ ಟೊಂಗೆಯನ್ನು ಕಚ್ಚಿಕೊಳ್ಳದೆ ಕೊಯ್ಯುತ್ತದೆ. ಹಲ್ಲುಗಳ ಕಡೆಗಿಂತ ಬೆನ್ನಿನ ಕಡೆ ತೆಳುವಾಗಿ ಮಾಡಿರುವುದರಿಂದ ಸಿಕ್ಕಿಹಾಕಿಕೊಳ್ಳುವುದು ಕಡಿಮೆ. ಪಿವಿಸಿ ಪೈಪಿಗೂ ನಾನು ಇದನ್ನೇ ಹಚ್ಚುತ್ತೇನೆ. ಇಷ್ಟು ಚಿಕ್ಕ ಗರಗಸ ಇಷ್ಟು ಕೆಲಸ ಮಾಡುತ್ತದೆಂದು ಕೈಯಲ್ಲಿ ಹಿಡಿದು ನೋಡುವವರೆಗೂ ಯಾರೂ ನಂಬುವುದಿಲ್ಲ.

ಬ್ಲೇಡಿನ ಉಕ್ಕು ಮೆತ್ತಗೆ ಎಂದು ದೂರುವವರಿದ್ದಾರೆ. ವಿಕ್ಟೋರಿನಾಕ್ಸ್ ಬ್ಲೇಡನ್ನು ಉಕ್ಕಿನ ಗಡಸುತನ ಅಳೆಯುವ ರಾಕ್‌ವೆಲ್ ಮಾಪನದಲ್ಲಿ ಸುಮಾರು 56ಕ್ಕೆ ಹದ ಮಾಡುತ್ತದೆ, ಗರಗಸ ಮತ್ತು ಕತ್ತರಿಯನ್ನು 53ಕ್ಕೆ, ಸ್ಪ್ರಿಂಗನ್ನು 49ಕ್ಕೆ. ಪ್ರತಿ ಭಾಗಕ್ಕೂ ಅದರದೇ ಹದ. ಅಮೆರಿಕದ ಲೆದರ್‌ಮನ್ ಕಂಪನಿಯ ಚಾರ್ಜ್ ಟಿಟಿಐ ಎಂಬ ಮಾದರಿಯಲ್ಲಿರುವ ಎಸ್30ವಿ ಎಂಬ ಉಕ್ಕು ಇದಕ್ಕಿಂತ ಗಟ್ಟಿ, ಹರಿತವೂ ಹೆಚ್ಚು ದಿನ ನಿಲ್ಲುತ್ತದೆ. ಆದರೆ ಮೊಂಡಾದ ಮೇಲೆ? ಅದರೊಳಗಿನ ವೆನೇಡಿಯಂ ಕಾರ್ಬೈಡ್ ಕಣಗಳು ಸಾಮಾನ್ಯ ಸಾಣೆಕಲ್ಲಿಗಿಂತ ಗಟ್ಟಿ, ವಜ್ರದ ಪುಡಿ ಹಚ್ಚಿದ ಸಾಣೆಯೇ ಬೇಕಾಗುತ್ತದೆ. ಫಾರ್ಮರ್ ಹಾಗಲ್ಲ. ಮಣ್ಣು ಮೆತ್ತಿದ ಪೈಪು ಕೊಯ್ದು ಮೊಂಡಾದರೂ ಅಂಗಡಿಯಲ್ಲಿ ಸಿಗುವ ಯಾವ ಕಲ್ಲಿನ ಮೇಲಾದರೂ ನಾಲ್ಕಾರು ಸಲ ಮಸೆದರೆ ಸಾಕು. ತೋಟದಲ್ಲಿ ಬ್ಲೇಡು ಮಣ್ಣಿಗೆ, ಮರಳಿಗೆ ತಾಗಿಯೇ ತಾಗುತ್ತದೆ. ಬೇಗ ಹರಿತವಾಗುವ ಉಕ್ಕೇ ನಮಗೆ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊರತೆ ಒಂದಿದೆ. ಬ್ಲೇಡಿಗೆ ಲಾಕ್ ಇಲ್ಲ, ಸ್ಪ್ರಿಂಗಿನ ಬಿಗಿಯಲ್ಲಷ್ಟೇ ನಿಲ್ಲುತ್ತದೆ. ಮೊನೆಯಿಂದ ಚುಚ್ಚಲು ಹೋದರೆ ಬೆರಳ ಮೇಲೆ ಮಡಚಿಕೊಳ್ಳಬಹುದು. ತೂತು ಮಾಡಲು ದಬ್ಬಣ ಇದೆ, ಅದನ್ನೇ ಬಳಸಿ, ಅದನ್ನೂ ನೇರಕ್ಕೆ ಒತ್ತಿ. ಮಕ್ಕಳ ಕೈಗೆ ಕೊಡುವ ಮೊದಲು ಇದನ್ನು ಹೇಳಿಕೊಡಲೇಬೇಕು.

ಲಾಕ್ ಬೇಕು, ಕಟಿಂಗ್ ಪ್ಲೇಯರ್ ಬೇಕು ಎಂದರೆ ಲೆದರ್‌ಮನ್ ವೇವ್ ಪ್ಲಸ್. ಇದರ ನಾಲ್ಕು ದೊಡ್ಡ ಉಪಕರಣಗಳು, ಅಂದರೆ ಸಾದಾ ಬ್ಲೇಡು, ಹಲ್ಲಿನ ಬ್ಲೇಡು, ಗರಗಸ ಮತ್ತು ಅರ, ಹಿಡಿಯ ಹೊರಮೈಯಲ್ಲೇ ಇವೆ. ಹಿಡಿ ಬಿಡಿಸದೆ ಬ್ಲೇಡನ್ನು ಒಂದೇ ಕೈಯಲ್ಲಿ ತೆರೆಯಬಹುದು, ತೆರೆದದ್ದು ಲಾಕ್ ಆಗಿ ನಿಲ್ಲುತ್ತದೆ. ಇನ್ನೊಂದು ಕೈಯಲ್ಲಿ ಬಳ್ಳಿ ಹಿಡಿದು ಏಣಿಯ ಮೇಲೆ ನಿಂತವರಿಗೆ ಇದು ದೊಡ್ಡ ಅನುಕೂಲ. ತಂತಿ ಕತ್ತರಿಸುವ ಭಾಗ ಸವೆದರೆ ಅದನ್ನಷ್ಟೇ ಬಿಚ್ಚಿ ಬದಲಿಸಬಹುದು. ಬೇಲಿ ತಂತಿಯ ಕೆಲಸ ಮಾಡುವವರಿಗೆ ಇದೊಂದೇ ಕಾರಣ ಸಾಕು. 25 ವರ್ಷದ ಗ್ಯಾರಂಟಿಯೂ ಇದೆ. ಆದರೆ ತೂಕ 241 ಗ್ರಾಂ. ಪಂಚೆ ಉಟ್ಟಾಗ ಇಟ್ಟುಕೊಳ್ಳಲು ಜಾಗವಿಲ್ಲ, ಪ್ಯಾಂಟಿನ ಜೇಬೂ ಜಗ್ಗುತ್ತದೆ. ನನ್ನದು ಬೈಕಿನ ಪೆಟ್ಟಿಗೆಯಲ್ಲಿರುತ್ತದೆ. ಬೆಲೆಯೂ ಫಾರ್ಮರ್‌ಗಿಂತ ಬಹಳ ಹೆಚ್ಚು. ಇನ್ನೊಂದು ಮುಖ್ಯ ವಿಷಯ: ಹಿಡಿ ಪೂರ್ತಿ ಲೋಹದ್ದು. ಕರೆಂಟ್ ಕೆಲಸಕ್ಕೆ ಇದನ್ನು ಹಿಡಿಯುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ರಬ್ಬರ್ ಹಿಡಿಯ ಪ್ಲೇಯರ್‌ಗೆ ಇದು ಬದಲಿ ಅಲ್ಲ.

ಜಾತ್ರೆ, ಸಂತೆಗಳಲ್ಲಿ ಸಿಗುವ ಹೆಸರಿಲ್ಲದ ಅಗ್ಗದವನ್ನೂ ಬಳಸಿದ್ದೇನೆ. ಪ್ಲೇಯರ್‌ನ ಎರಡು ತುದಿ ಒಂದಕ್ಕೊಂದು ಕೂಡುವುದಿಲ್ಲ, ಮೊದಲ ಮಳೆಗಾಲಕ್ಕೇ ಗರಗಸ ತುಕ್ಕು. ಬೇಡ.

ನಮ್ಮ ಮಳೆಗೆ ಸ್ಟೇನ್‌ಲೆಸ್ ಉಕ್ಕಿಗೂ ಆರೈಕೆ ಬೇಕು. ಒದ್ದೆ ಚಾಕುವನ್ನು ಚರ್ಮದ ಚೀಲದಲ್ಲಿ ಬಿಟ್ಟರೆ ಚುಕ್ಕೆ ಬೀಳುತ್ತದೆ. ಹಲಸಿನ ಸೊನೆ ಹಿಡಿದರೆ ಮೊದಲು ಕೊಬ್ಬರಿ ಎಣ್ಣೆ ಸವರಿ ಒರೆಸಿ. ಆಮೇಲೆ ಉಗುರುಬೆಚ್ಚಗಿನ ನೀರಿನೊಳಗೆ ಬ್ಲೇಡನ್ನು ತೆರೆದು ಮುಚ್ಚಿ ತೊಳೆದು, ಒಣಗಿಸಿ, ಕೀಲಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಕೀಲಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ, ಚಳಿಗೆ ಹೆಪ್ಪುಗಟ್ಟುತ್ತದೆ.

ಬಳಸುತ್ತ ಬಳಸುತ್ತ ಸಂಗ್ರಹದ ಆಸೆಯೂ ಹತ್ತಿತು. ಈ ಚಾಕುಗಳ ಒಳರಚನೆ ತಿಳಿದಷ್ಟೂ ಪ್ರೀತಿ ಹೆಚ್ಚುತ್ತದೆ. ಸ್ವಿಟ್ಜರ್‌ಲೆಂಡಿನ ಈಬಾಕ್‌ನಲ್ಲಿ ವಿಕ್ಟೋರಿನಾಕ್ಸ್ ಸ್ಥಾಪಕ ಕಾರ್ಲ್ ಎಲ್ಸೆನರ್ 1891ರಲ್ಲಿ ಸೈನಿಕರ ಚಾಕು ಪೂರೈಸಲು ಶುರುಮಾಡಿದರು. 1897ರ ಆಫೀಸರ್ ಚಾಕುವಿನಲ್ಲಿ ಅವರು ಮಾಡಿದ ಚಮತ್ಕಾರವೆಂದರೆ ಒಂದೇ ಸ್ಪ್ರಿಂಗು ಹಿಡಿಯ ಎರಡೂ ಬದಿಯ ಉಪಕರಣಗಳನ್ನು ಬಿಗಿಯುವಂತೆ ಮಾಡಿದ್ದು. ತೆಳುವಾದ ಚಾಕುವಿನಲ್ಲಿ ಅಷ್ಟೆಲ್ಲ ಹಿಡಿಸಲು ಸಾಧ್ಯವಾದದ್ದು ಹಾಗೆ. ಪ್ಲೇಯರ್ ಸೇರಲು ಇನ್ನೂ ಬಹಳ ಕಾಲ ಹಿಡಿಯಿತು. 1975ರಲ್ಲಿ ಹಳೆಯ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ ಟಿಮ್ ಲೆದರ್‌ಮನ್ ಅವರಿಗೆ ಜೇಬಿನ ಚಾಕುವಿನಲ್ಲಿ ಪ್ಲೇಯರ್ ಇಲ್ಲದ ಕೊರತೆ ಕಾಡಿತು. ಅವರ ಮೊದಲ ಉಪಕರಣ ಮಾರುಕಟ್ಟೆಗೆ ಬಂದದ್ದು 1983ರಲ್ಲಿ.

ಸಂಗ್ರಹ ಶುರುಮಾಡುವವರಿಗೆ ನಾನು ತೋರಿಸುವುದು ಸ್ವಿಸ್ ಸೇನೆಯ 1961ರ ಮಾದರಿಯನ್ನು. ಫಾರ್ಮರ್‌ನ ಹತ್ತಿರದ ಬಂಧು, ಅದೇ 93 ಮಿಲಿಮೀಟರ್, ಅದೇ ಅಲಾಕ್ಸ್. 2008ರಲ್ಲಿ ಸೇನೆ ದೊಡ್ಡದಾದ, ಲಾಕ್ ಇರುವ ಹೊಸ ಮಾದರಿ ಆರಿಸಿಕೊಳ್ಳುವವರೆಗೂ ಇದೇ ಇತ್ತು. ಬ್ಲೇಡಿನ ಬುಡದಲ್ಲಿ ತಯಾರಾದ ವರ್ಷದ ಕೊನೆಯ ಎರಡು ಅಂಕಿ ಒತ್ತಿರುತ್ತಾರೆ. ಈಬಾಕ್‌ನ ವಿಕ್ಟೋರಿನಾಕ್ಸ್, ಡೆಲೆಮೋನ ವೆಂಗರ್, ಎರಡೂ ಇದನ್ನು ಮಾಡಿಕೊಟ್ಟಿವೆ. 2005ರಲ್ಲಿ ವೆಂಗರನ್ನು ವಿಕ್ಟೋರಿನಾಕ್ಸ್ ಕೊಂಡುಕೊಂಡಿತು, 2013ರ ನಂತರ ಆ ಹೆಸರಿನ ಚಾಕು ಬರುವುದು ನಿಂತಿತು. ಹಾಗಾಗಿ ಒಂದೇ ವರ್ಷದ ಎರಡೂ ಕಾರ್ಖಾನೆಯ ಚಾಕುಗಳನ್ನು ಪಕ್ಕಪಕ್ಕ ಇಡುವುದು ಸಂಗ್ರಹಕಾರರ ದೊಡ್ಡ ಆಸೆ. ನನ್ನ ಹತ್ತಿರ ಅಂಥ ಒಂದು ಜೋಡಿಯ ಅರ್ಧ ಇದೆ, ವೆಂಗರ್‌ದು ಹುಡುಕುತ್ತಿದ್ದೇನೆ.