ಈ ಸರ್ಜಿಕಲ್ ಹತ್ತಿ ಧೈರ್ಯವಾಗಿ ತಗೊಳ್ಳಿ

ದಾವಣಗೆರೆಯಲ್ಲಿ ನಮ್ಮದು ಔಷಧಿ ಅಂಗಡಿ. ಈಗ ಹುಬ್ಬಳ್ಳಿ ಕಡೆಯ ಸಣ್ಣ ಘಟಕವೊಂದರಿಂದ 500 ಗ್ರಾಂ ಹತ್ತಿ ರೋಲ್ ತರಿಸುತ್ತಿದ್ದೇವೆ. ತುಂಬಾ ಚೆನ್ನಾಗಿದೆ.

ಹತ್ತಿಯ ಎಳೆ ಅಂದರೆ ಬೀಜದ ಮೇಲಿನ ಕೂದಲು. ಅದರ ಮೈಗೆ ಮೇಣ ಅಂಟಿರುತ್ತದೆ. ಹಾಗಾಗಿ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿನಿಂದ ಬಂದ ಅರಳೆ ನೀರಲ್ಲಿ ತೇಲುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಆ ಮೇಣ ತೆಗೆಯಬೇಕು. ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬಿಳುಪು ಮಾಡಿ, ಚೆನ್ನಾಗಿ ತೊಳೆಯಬೇಕು. ಇವರು ಕುದಿಸುವುದರಲ್ಲಿ ಅವಸರ ಮಾಡಿಲ್ಲ. ಒಂದು ಉಂಡೆ ನೀರಿಗೆ ಬಿಟ್ಟರೆ ತಕ್ಷಣ ಮುಳುಗುತ್ತದೆ. ನಿಯಮದ ಪ್ರಕಾರ 10 ಸೆಕೆಂಡಿನೊಳಗೆ ಮುಳುಗಿದರೆ ಸಾಕು.

ಹಿಂದೆ ಬೇರೆ ಕಡೆಯಿಂದ ಬಂದ ರೋಲ್ ಇದಕ್ಕಿಂತ ಬೆಳ್ಳಗಿತ್ತು. ಖೋಟಾ ನೋಟು ನೋಡುವ ದೀಪದ ಕೆಳಗೆ ಹಿಡಿದರೆ ನೀಲಿಯಾಗಿ ಹೊಳೆಯಿತು. ಬಟ್ಟೆ ಸೋಪಿಗೆ ಹಾಕುವಂಥ ಹೊಳಪಿನ ರಾಸಾಯನಿಕ ಸೇರಿಸಿದ್ದರು. ಔಷಧಿಯ ಹತ್ತಿಗೆ ಅದು ಯಾಕೆ ಬೇಕು? ವಾಪಸ್ ಕಳಿಸಿದೆವು. ಈ ರೋಲ್ ಹಾಗೆ ಹೊಳೆಯುವುದಿಲ್ಲ. ಬಣ್ಣ ಸ್ವಲ್ಪ ಕೆನೆಯ ಕಡೆಗಿದೆ, ನನಗೆ ಅದೇ ಇಷ್ಟ.

ಒಂದು ಕೊರತೆ ಇದೆ. ಗಿಡ್ಡ ಎಳೆ ಜಾಸ್ತಿ, ಬಿಡಿಸುವಾಗ ಉದುರುತ್ತದೆ. ತೆರೆದ ಗಾಯಕ್ಕೆ ನೇರವಾಗಿ ಇಡಬೇಡಿ, ಗಾಜ್ ಬಟ್ಟೆಯೊಳಗೆ ಇಟ್ಟು ಕಟ್ಟಿ.